ಕೇಪುಳಕ್ಕೆ ಸುಣ್ಣ ಆಗದು

ನಮ್ಮ ಮನೆ ಹಿಂದಿನ ಗುಡ್ಡೆಯಲ್ಲಿ ಕೇಪುಳ ಎಷ್ಟಿತ್ತೆಂದು ಲೆಕ್ಕ ಇಟ್ಟವರಿಲ್ಲ. ಮುರಕಲ್ಲಿನ ಸಂದಿಯಲ್ಲೇ ಬೇರು. ನೀರಿಲ್ಲ, ಗೊಬ್ಬರವಿಲ್ಲ, ಆದರೂ ಬೇಸಿಗೆಗೆ ಗುಡ್ಡೆ ಕೆಂಪು. 2011ರಲ್ಲಿ ರಬ್ಬರ್ ಹಾಕಲೆಂದು ಜೆಸಿಬಿ ತರಿಸಿ ಎರಡೇ ದಿನದಲ್ಲಿ ಬೋಳಿಸಿದೆ. ಮರುವರ್ಷ ಅಂಗಳಕ್ಕೆ ಬರುತ್ತಿದ್ದ ದೊಡ್ಡ ಕಪ್ಪು ಚಿಟ್ಟೆಗಳು ಕಾಣಲಿಲ್ಲ. 'ಹೂವೇ ಇಲ್ಲ, ಅವು ಯಾಕೆ ಬರಬೇಕು?' ಎಂದು ಅಮ್ಮ ಕೇಳಿದ್ದು ಸರಿಯಾಗಿ ನಾಟಿತು.

ಹತ್ತು ಗಿಡ ತಂದು ಕಾಂಪೌಂಡ್ ಗೋಡೆಯ ಬುಡದಲ್ಲಿ ನೆಟ್ಟೆ. ವರ್ಷದೊಳಗೆ ಎಲೆ ಹಳದಿ, ನರ ಮಾತ್ರ ಹಸಿರು. ರೋಗವೆಂದು ಮದ್ದು ಬಿಟ್ಟೆ, ದುಡ್ಡು ದಂಡ. ರೋಗ ಅಲ್ಲವೇ ಅಲ್ಲ! ಕೇಪುಳಕ್ಕೆ ಹುಳಿ ಮಣ್ಣೇ ಆಗಬೇಕು. ಸಿಮೆಂಟಿನ ಸುಣ್ಣದಂಶ ಇಳಿದರೆ ಮಣ್ಣಿನ ಹುಳಿ ತಗ್ಗುತ್ತದೆ. ಆಗ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಅಡಿಕೆ ಬುಡಕ್ಕೆ ಸುಣ್ಣ ಹಾಕುವ ಕೈ ಇದರ ಹತ್ತಿರ ಬೇಡ.

ಮತ್ತೆ ನೆಟ್ಟದ್ದು ಗುಡ್ಡೆಯ ಅಂಚಿನಲ್ಲಿ ಉಳಿದಿದ್ದ ಕಾಡುಗಿಡದ ಗೆಲ್ಲು. ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಹೂ ಇಲ್ಲದ ಗೆಲ್ಲನ್ನು ಒಂದು ಗೇಣಿಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗಂಟು ಮಣ್ಣೊಳಗೆ ಹೋಗುವಂತೆ ತೊಟ್ಟೆಯಲ್ಲಿ ಊರಿದೆ. ನೆರಳಲ್ಲಿಟ್ಟರೆ ಎರಡು ತಿಂಗಳಲ್ಲಿ ಬೇರು. ಎಲ್ಲವೂ ಬದುಕುವುದಿಲ್ಲ, ಹೆಚ್ಚೇ ಊರಿ. ಮುಂದಿನ ಮಳೆಗೆ ಬೇಲಿಬದಿಯಲ್ಲಿ ಮೂರಡಿಗೊಂದು. ಮೊದಲ ಬೇಸಿಗೆ ಮಾತ್ರ ನೀರು ಕೊಟ್ಟೆ. ಚಿಗುರಿನ ತುದಿಯಲ್ಲೇ ಹೂವಾಗುವುದರಿಂದ ಹೂ ಮುಗಿದ ಮೇಲೆ ಕತ್ತಿ ಆಡಿಸಬೇಕು. ಬಿಸಿಲು ಚೆನ್ನಾಗಿ ಬೀಳಲಿ, ನೆರಳಲ್ಲಿ ಬರೇ ಎಲೆ.

ಹೂವಿನ ಕೊಳವೆ ಉದ್ದ, ನೂಲಿನಷ್ಟು ಸಪುರ. ಮಕರಂದ ಅದರ ತಳದಲ್ಲಿ. ನಾಲಗೆ ಗಿಡ್ಡವಾದ ಹುಳಗಳಿಗೆ ಎಟಕದು, ದೊಡ್ಡ ಚಿಟ್ಟೆಗಳಿಗೆ ಎಟಕುತ್ತದೆ. ನಮ್ಮ ರಾಜ್ಯದ ಚಿಟ್ಟೆ, ಕಪ್ಪು-ಹಳದಿ ರೆಕ್ಕೆಯ ಸದರ್ನ್ ಬರ್ಡ್‌ವಿಂಗ್ ಕೂಡ ಇದಕ್ಕೆ ಬರುತ್ತದೆ.

ಆದರೆ ಕೇಪುಳ ಬರೇ ಊಟದ ಮನೆ, ಬಾಣಂತಿ ಕೋಣೆ ಬೇರೆ. ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈಶ್ವರ ಬಳ್ಳಿಯ ಜಾತಿಯಲ್ಲಿ. ಬ್ಲೂ ಮಾರ್ಮನ್‌ಗೆ ನಿಂಬೆ ಜಾತಿ ಬೇಕು. ನಿಂಬೆ ಎಲೆಯಲ್ಲಿ ಹಕ್ಕಿ ಹಿಕ್ಕೆಯಂಥ ಹುಳು ಕಂಡರೆ ಹಿಂದೆ ಹೊಸಕಿ ಹಾಕುತ್ತಿದ್ದೆ. ಈಗ ಒಂದು ನಿಂಬೆ ಗಿಡ ಅವಕ್ಕೇ ಬಿಟ್ಟಿದ್ದೇನೆ. ಕಳೆ ಕೆರೆಯುವಾಗ ಈಶ್ವರ ಬಳ್ಳಿ ಕಡಿಯಬೇಡಿ ಎಂದು ಆಳುಗಳಿಗೂ ಹೇಳಿದ್ದೇನೆ.

ಬೇಲಿಯಲ್ಲಿ ಈಗ ಅರುವತ್ತು ಗಿಡ ಇದೆ. ಅಮ್ಮ ಕುಡಿ ಕೊಯ್ದು ತಂಬುಳಿ ಮಾಡುತ್ತಾರೆ, ಹಣ್ಣು ಮಕ್ಕಳಿಗೂ ಪಿಕಳಾರಕ್ಕೂ. ಚಿಟ್ಟೆ ಬರುತ್ತಿವೆ, ಗುಡ್ಡೆ ಇದ್ದಾಗಿನಷ್ಟು ಇಲ್ಲ.