ಸಮತಲದ ಚಿತ್ರ, ಘನರೂಪದ ಡಬ್ಬಿ

ಸಮತಲದಲ್ಲಿ ರಚಿಸಿದ ಲೇಬಲನ್ನು ಡಬ್ಬಿಯ ಗಣಕಮಾದರಿಗೆ ಹೊಂದಿಸುವ ಕ್ರಮವನ್ನು ಇಲ್ಲಿ ವಿವರಿಸಲೆಳಸುತ್ತೇವೆ. 1974ರಲ್ಲಿ ಎಡ್ವಿನ್ ಕ್ಯಾಟ್ಮಲ್ ಅವರು ಯೂಟಾ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಇದರ ತಳಹದಿಯಿದೆ: ಘನಾಕೃತಿಯ ಮೈಮೇಲಿನ ಪ್ರತಿಯೊಂದು ಬಿಂದುವಿಗೂ ಚಿತ್ರದಲ್ಲಿ ಒಂದು ಸ್ಥಾನವನ್ನು ಗೊತ್ತುಪಡಿಸುವುದು. 2003ರ ಅಡೋಬಿ ಇಲ್ಲಸ್ಟ್ರೇಟರ್ ಸಿಎಸ್ ಈ ಸೌಕರ್ಯವನ್ನು ಚಿತ್ರಕಾರರ ಮೇಜಿಗೆ ತಂದಿತು.

ಉರುಳೆಯಾಕಾರದ ಡಬ್ಬಿಯ ಮೈಯನ್ನು ಬಿಚ್ಚಿ ಹರಡಿದರೆ ಆಯತವೇ ದೊರೆಯುವುದು. ವ್ಯಾಸವು 7 ಸೆಂ.ಮೀ. ಆದರೆ ಲೇಬಲಿನ ಉದ್ದವು ಸುಮಾರು 22 ಸೆಂ.ಮೀ. ಇರತಕ್ಕದ್ದು, ಕಡಿಮೆಯಾದರೆ ಅಂಚುಗಳು ಕೂಡವು, ಎಳೆದು ಕೂಡಿಸಿದರೆ ಅಕ್ಷರಗಳು ಅಗಲವಾಗುವುವು. ಗೋಳದ ಮಾತು ಬೇರೆ. ಅದರ ಮೈಯನ್ನು ವಿಕಾರವಿಲ್ಲದೆ ಸಮತಲಕ್ಕೆ ಹಾಸಲಾಗದೆಂಬುದು 1827ರಲ್ಲಿ ಗೌಸ್ ಮಂಡಿಸಿದ ಪ್ರಮೇಯದಿಂದ ಸಿದ್ಧವಾಗಿದೆ. 1507ರಲ್ಲಿ ವಾಲ್ಡ್‌ಸೀಮ್ಯುಲರ್ ಭೂಗೋಳದ ನಕ್ಷೆಯನ್ನು 12 ಹೋಳುಗಳಾಗಿ ಅಚ್ಚುಮಾಡಿಸಿದುದೂ ಈ ತೊಡಕಿನ ದೆಸೆಯಿಂದಲೇ.

ಇತಿಹಾಸದ ವಿದ್ಯಾರ್ಥಿಗಳಿಗೆ ಇದರಲ್ಲೊಂದು ಎಚ್ಚರಿಕೆಯುಂಟು. ಇಂತಹ ಮಾದರಿಯ ಬಿಂಬವು ಛಾಯಾಚಿತ್ರವೆಂಬಂತೆ ತೋರುತ್ತದೆ. ಎಂದೂ ತಯಾರಾಗದ ಡಬ್ಬಿಯೂ ಅಂಗಡಿಯಲ್ಲಿದ್ದಂತೆ ಕಾಣುತ್ತದೆ. ಆದುದರಿಂದ ಜಾಹೀರಾತಿನ ಚಿತ್ರವನ್ನು ವಸ್ತುವಿನ ಅಸ್ತಿತ್ವಕ್ಕೆ ಸಾಕ್ಷಿಯೆಂದು ಅಂಗೀಕರಿಸುವ ಮುನ್ನ ಡಬ್ಬಿಯನ್ನೇ, ಇಲ್ಲವೆ ಅದರ ಮಾರಾಟದ ದಾಖಲೆಯನ್ನು, ಅರಸುವುದು ನಮ್ಮ ಕರ್ತವ್ಯ.