ಗೂಗಿಯೋ, ಙ್ಗೊಗೆಯೋ? ಕೆನ್ಯಾದ ಲೇಖಕರ ಹೆಸರು ಉಚ್ಚರಿಸುವ ಬಗೆ

ಆಫ್ರಿಕಾದ ಸಾಹಿತ್ಯದ ಪ್ರಸ್ತಾಪ ಬಂದಾಗಲೆಲ್ಲ ಕನ್ನಡದ ವೇದಿಕೆಗಳಲ್ಲಿ ಕೇಳಿಬರುವ ಹೆಸರುಗಳಲ್ಲಿ ಕೆನ್ಯಾದ ಕಾದಂಬರಿಕಾರ ಗೂಗಿ ವಾ ಥಿಯಾಂಗೊ ಅವರದೂ ಒಂದು. ಮಾತೃಭಾಷಾ ಶಿಕ್ಷಣದ ಚರ್ಚೆ ನಡೆಯುವಲ್ಲಿಯಂತೂ ಅವರ ಮಾತು ಉಲ್ಲೇಖಗೊಳ್ಳುವುದು ಸಾಮಾನ್ಯ. 2025ರ ಮೇ 28ರಂದು ತಮ್ಮ 87ನೆಯ ವಯಸ್ಸಿನಲ್ಲಿ ಅಮೆರಿಕದಲ್ಲಿ ನಿಧನರಾದ ಈ ಲೇಖಕರ ಹೆಸರನ್ನು ಕೆಲವರು 'ಗೂಗಿ' ಎಂದೂ, ಕೆಲವರು 'ನುಗುಗಿ' ಎಂದೂ, ಮತ್ತೆ ಕೆಲವರು 'ಎನ್‌ಗುಗಿ' ಎಂದೂ ಹೇಳುವುದುಂಟು. ಅವರ ತಾಯ್ನುಡಿಯಾದ ಗಿಕುಯು ಭಾಷೆಯಲ್ಲಿ ಆ ಹೆಸರಿನ ಉಚ್ಚಾರಣೆ ಈ ಮೂರಕ್ಕಿಂತಲೂ ಭಿನ್ನವಾಗಿದೆ.

ಹೆಸರೊಂದರ ಉಚ್ಚಾರಣೆಗೆ ಇಷ್ಟೊಂದು ಮಹತ್ವ ಏಕೆಂಬ ಪ್ರಶ್ನೆ ಸಹಜ. ಇಲ್ಲಿ ಆ ಹೆಸರೇ ಒಂದು ಹೋರಾಟದ ಫಲವಾಗಿರುವುದರಿಂದ ಪ್ರಶ್ನೆಗೆ ಬೇರೆಯೇ ತೂಕವಿದೆ.

ಜೇಮ್ಸ್ ಹೋಗಿ ಬಂದ ಹೆಸರು

ಅವರು ಜನಿಸಿದ್ದು 1938ರ ಜನವರಿ 5ರಂದು, ಕೆನ್ಯಾದ ಲಿಮುರು ಸಮೀಪದ ಕಮಿರಿತು ಎಂಬಲ್ಲಿ. ಆಗ ಕೆನ್ಯಾ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಕ್ರೈಸ್ತ ದೀಕ್ಷೆಯೊಂದಿಗೆ ದೊರೆತ ಹೆಸರು ಜೇಮ್ಸ್. 1964ರಲ್ಲಿ ಪ್ರಕಟವಾದ ಮೊದಲ ಕಾದಂಬರಿ 'ವೀಪ್ ನಾಟ್, ಚೈಲ್ಡ್' ಹೊರಬಂದದ್ದು ಜೇಮ್ಸ್ ಗೂಗಿ ಎಂಬ ಹೆಸರಿನಲ್ಲಿಯೇ.

1952ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದ ಬಳಿಕ ಶಾಲೆಗಳು ವಸಾಹತು ಸರ್ಕಾರದ ಹಿಡಿತಕ್ಕೆ ಬಂದವು. ಶಾಲೆಯ ಆವರಣದಲ್ಲಿ ಗಿಕುಯು ಮಾತನಾಡಿ ಸಿಕ್ಕಿಬಿದ್ದ ಮಕ್ಕಳಿಗೆ ಬೆತ್ತದೇಟು ಬೀಳುತ್ತಿತ್ತು. ತಾನು ಕತ್ತೆ ಎಂದು ಸಾರುವ ಫಲಕವನ್ನು ಕೊರಳಿಗೆ ತೂಗುಹಾಕಲಾಗುತ್ತಿತ್ತು. ಈ ಅನುಭವವನ್ನು ಅವರು 1986ರಲ್ಲಿ ಪ್ರಕಟವಾದ 'ಡಿಕಾಲನೈಸಿಂಗ್ ದಿ ಮೈಂಡ್' ಕೃತಿಯಲ್ಲಿ ದಾಖಲಿಸಿದ್ದಾರೆ.

1970ರ ಸುಮಾರಿಗೆ ಅವರು ಜೇಮ್ಸ್ ಎಂಬ ಹೆಸರನ್ನು ತ್ಯಜಿಸಿದರು. ಕಮಿರಿತುವಿನ ರೈತರು ಮತ್ತು ಕಾರ್ಮಿಕರೊಡನೆ 1977ರಲ್ಲಿ ಗಿಕುಯು ಭಾಷೆಯ ನಾಟಕವೊಂದನ್ನು ಆಡಿಸಿದ್ದು ಆಳುವವರ ಕೋಪಕ್ಕೆ ಕಾರಣವಾಯಿತು. ಪ್ರದರ್ಶನ ನಿಷೇಧಗೊಂಡಿತು. ಆ ವರ್ಷದ ಕೊನೆಯಲ್ಲಿ ಅವರ ಬಂಧನವಾಯಿತು. ವಿಚಾರಣೆಯಿಲ್ಲದೆ ಸುಮಾರು ಒಂದು ವರ್ಷ ಕಮಿಟಿ ಸೆರೆಮನೆಯಲ್ಲಿ ಕಳೆಯಬೇಕಾಯಿತು. ಅಲ್ಲಿ ಶೌಚಾಲಯದ ಕಾಗದದ ಮೇಲೆ ಅವರು ಗಿಕುಯು ಕಾದಂಬರಿಯೊಂದನ್ನು ಬರೆದರು. 1980ರಲ್ಲಿ ಪ್ರಕಟವಾದ ಆ ಕೃತಿ ಮುಂದೆ 'ಡೆವಿಲ್ ಆನ್ ದಿ ಕ್ರಾಸ್' ಎಂದು ಇಂಗ್ಲಿಷಿಗೆ ಬಂದಿತು. ತಮ್ಮ ಭಾಷೆಗಾಗಿ ಇಷ್ಟು ಬೆಲೆ ತೆತ್ತವರ ಹೆಸರನ್ನು ಜಗತ್ತು ಇಂಗ್ಲಿಷಿನ ಕಿವಿಯಿಂದ ಕೇಳುತ್ತಿರುವುದು ವಿಪರ್ಯಾಸವೇ ಸರಿ.

ಗೊಂದಲದ ಮೂಲ

ಗಿಕುಯು ಭಾಷೆಯಲ್ಲಿ ಏಳು ಸ್ವರಗಳಿವೆ. ಅದನ್ನು ಬರೆಯಲು ಬಳಸುವ ರೋಮನ್ ಲಿಪಿಯಲ್ಲಿರುವುದು ಐದೇ ಸ್ವರಾಕ್ಷರಗಳು. ಹೀಗಾಗಿ ಉಳಿದ ಎರಡು ಸ್ವರಗಳಿಗಾಗಿ 'ಯು' ಮತ್ತು 'ಐ' ಅಕ್ಷರಗಳ ನೆತ್ತಿಯ ಮೇಲೆ ಅಲೆಯಾಕಾರದ ಸಣ್ಣ ಗೆರೆಯೊಂದನ್ನು ಎಳೆಯಲಾಯಿತು. ಪೋರ್ಚುಗೀಸ್ ಭಾಷೆಯಲ್ಲಿ ಇಂತಹ ಗೆರೆ ಅನುನಾಸಿಕವನ್ನು ಸೂಚಿಸುತ್ತದೆ. ಗಿಕುಯುವಿನಲ್ಲಿ ಹಾಗಲ್ಲ. ಗೆರೆ ಇರುವ 'ಯು' ನಮ್ಮ 'ಒ'ಕಾರಕ್ಕೆ ಹತ್ತಿರ. ಗೆರೆ ಇರುವ 'ಐ' ನಮ್ಮ 'ಎ'ಕಾರಕ್ಕೆ ಹತ್ತಿರ.

ಇಂಗ್ಲಿಷ್ ಮುದ್ರಣದಲ್ಲಿ ಈ ಗೆರೆಗಳನ್ನು ಅನೇಕ ಬಾರಿ ಕೈಬಿಡಲಾಗಿದೆ. ಗೆರೆ ಹೋದೊಡನೆ 'ಒ'ಕಾರ 'ಉ'ಕಾರವಾಗಿಯೂ, 'ಎ'ಕಾರ 'ಇ'ಕಾರವಾಗಿಯೂ ಓದಿಸಿಕೊಂಡಿತು. ಇಂಗ್ಲಿಷಿನಿಂದ ಹೆಸರನ್ನು ಪಡೆದ ಕನ್ನಡದಲ್ಲಿ 'ಗೂಗಿ' ನೆಲೆನಿಂತಿತು.

ಮೊದಲ ಭಾಗ: ಙ್ಗೊಗೆ

ಮೊದಲ ಹೆಸರಿನಲ್ಲಿರುವುದು ಎರಡೇ ಉಚ್ಚಾರಾಂಶ. ಆರಂಭದಲ್ಲಿ 'ನ' ಇಲ್ಲ; 'ಗ'ಕಾರಕ್ಕೆ ಅಂಟಿಕೊಂಡೇ ಬರುವ ಅನುನಾಸಿಕವಿದೆ. 'ಅಂಗಳ' ಎಂಬ ಪದವನ್ನು ನಿಧಾನವಾಗಿ ಹೇಳಿ, ಮೊದಲ 'ಅ'ಕಾರವನ್ನು ಬಿಟ್ಟರೆ ಉಳಿಯುವ ಆರಂಭದ ಧ್ವನಿಯೇ ಇದು. ಅದಕ್ಕೆ 'ಒ'ಕಾರ ಸೇರಿಸಬೇಕು. ಎರಡನೆಯ 'ಗೆ' ತುಸು ಮೆದು. ಉರ್ದು ಬಲ್ಲವರು 'ಗಜಲ್' ಎನ್ನುವಾಗ ಗಂಟಲಿನಿಂದ ಹೊರಡಿಸುವ 'ಗ'ಕಾರವನ್ನು ಇದು ಹೋಲುತ್ತದೆ. ಕನ್ನಡ ಲಿಪಿಯಲ್ಲಿ ಬರೆದರೆ 'ಙ್ಗೊಗೆ'.

ಎರಡನೆಯ ಭಾಗ: ವ

ಇದು 'ವಾ' ಅಲ್ಲ, ಹ್ರಸ್ವವಾದ 'ವ'. ಇಲ್ಲಿ ಅದರ ಅರ್ಥ 'ಇಂತಹವರ ಮಗ' ಎಂದು. ಗಿಕುಯು ಪದ್ಧತಿಯಲ್ಲಿ ಇದರ ನಂತರ ಬರುವುದು ತಂದೆಯ ಹೆಸರು. ಅದು ಮನೆತನದ ಹೆಸರಲ್ಲ.

1977ರ ನಾಟಕವನ್ನು ಬರೆದವರು ಇಬ್ಬರು. ಇಬ್ಬರ ಹೆಸರೂ ಙ್ಗೊಗೆ. ಒಬ್ಬರು ಥಿಯಾಂಗೊ ಅವರ ಮಗ, ಮತ್ತೊಬ್ಬರು ಮೆರಿಯೆ ಅವರ ಮಗ. ತಂದೆಯ ಹೆಸರೇ ಅವರನ್ನು ಬೇರ್ಪಡಿಸುತ್ತದೆ. ಲೇಖಕರ ತಾಯಿಯ ಹೆಸರು ವಂಜಿಕು ವ ಙ್ಗೊಗೆ, ಅಂದರೆ ಙ್ಗೊಗೆಯ ಮಗಳು ವಂಜಿಕು. ಗಿಕುಯು ಸಂಪ್ರದಾಯದಂತೆ ತಾಯಿಯ ತಂದೆಯ ಹೆಸರು ಮೊಮ್ಮಗನಿಗೆ ಬಂದಿದೆ. ಲೇಖಕರ ಪುತ್ರಿಯ ಹೆಸರೂ ವಂಜಿಕು ವ ಙ್ಗೊಗೆ; ಅಜ್ಜಿಯ ಹೆಸರು ಆಕೆಗೆ ಇಳಿದಿದೆ.

ಆದುದರಿಂದ ಲೇಖಕರನ್ನು ಬರಿದೇ 'ಥಿಯಾಂಗೊ' ಎಂದು ಕರೆಯುವುದು ಸರಿಯಾಗದು. ಅದು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರನ್ನು 'ವೆಂಕಟಪ್ಪ' ಎಂದು ಕರೆದಂತೆ. ಚಿಕ್ಕದಾಗಿ ಹೇಳಬೇಕಿದ್ದರೆ ಮೊದಲ ಹೆಸರನ್ನೇ ಹೇಳಬೇಕು.

ಮೂರನೆಯ ಭಾಗ: ದಿಯೊಙೊ

ರೋಮನ್ ಲಿಪಿಯ 'ಟಿ' ಮತ್ತು 'ಎಚ್' ಜೋಡಿಯನ್ನು ಕಂಡು ಕನ್ನಡದಲ್ಲಿ 'ಥಿ' ಎಂದು ಬರೆಯಲಾಗುತ್ತಿದೆ. ಗಿಕುಯುವಿನಲ್ಲಿ ಅದು ಇಂಗ್ಲಿಷಿನ 'ದಿಸ್', 'ದಟ್' ಪದಗಳ ಮೊದಲ ಧ್ವನಿಯಂತಿದೆ. ಕನ್ನಡದಲ್ಲಿ ಅದಕ್ಕೆ ಸಮೀಪದ ಅಕ್ಷರ 'ದ'.

ಕೊನೆಯ ಭಾಗದಲ್ಲಿ 'ಜಿ' ಅಕ್ಷರದ ಬಳಿಕ ಮೇಲ್ಗಡೆ ಅಲ್ಪವಿರಾಮದಂತಹ ಚಿಹ್ನೆಯೊಂದಿದೆ. ಅದು ಅಲಂಕಾರಕ್ಕೆ ಹಾಕಿದ್ದಲ್ಲ. ಅಲ್ಲಿ 'ಗ'ಕಾರ ಕೇಳಿಸಕೂಡದು, ಶುದ್ಧ 'ಙ'ಕಾರ ಮಾತ್ರ ಇರಬೇಕು ಎಂಬುದರ ಸೂಚನೆ. 'ರಂಗ' ಎನ್ನುವಾಗ 'ಗ' ಕೇಳಿಸುತ್ತದೆ. 'ವಾಙ್ಮಯ' ಎನ್ನುವಾಗ ಕೇಳಿಸುವುದಿಲ್ಲ. ಎರಡನೆಯದೇ ಇಲ್ಲಿ ಬೇಕಾದ ಧ್ವನಿ. ಮಲಯಾಳದಲ್ಲಿ ಮಾವಿನಕಾಯಿಗೆ 'ಮಾಙ್ಙ' ಎನ್ನುವುದನ್ನು ಕೇಳಿರುವ ಗಡಿನಾಡಿನ ಓದುಗರಿಗೆ ಇದು ಕಷ್ಟವಾಗದು. ಅದರ ಒತ್ತನ್ನು ಇಳಿಸಿದರೆ ಸಾಕು. ಈ ಪದದ ಎರಡೂ 'ಒ'ಕಾರಗಳು ಇಂಗ್ಲಿಷಿನ 'ಡಾಕ್ಟರ್' ಪದದ ಮೊದಲ ಸ್ವರದಂತೆ ಬಾಯಿ ತುಸು ತೆರೆದು ಹೇಳುವಂತಹವು.

ಒಟ್ಟಾಗಿ ಹೇಳುವುದಾದರೆ: ಙ್ಗೊಗೆ ವ ದಿಯೊಙೊ.

ಕನ್ನಡಕ್ಕಿರುವ ಅನುಕೂಲ

ಗಿಕುಯು ಸ್ವರಭಾರವುಳ್ಳ ಭಾಷೆ. ಧ್ವನಿಯ ಆ ಏರಿಳಿತವನ್ನು ಕನ್ನಡ ಲಿಪಿ ಹಿಡಿದಿಡಲಾರದು. ಆದರೂ ಈ ಹೆಸರಿನ ಮಟ್ಟಿಗೆ ಇಂಗ್ಲಿಷಿಗಿಂತ ಕನ್ನಡವೇ ಮೂಲಕ್ಕೆ ಹೆಚ್ಚು ಹತ್ತಿರ ಹೋಗಬಲ್ಲದು. ಹ್ರಸ್ವ 'ಎ', ಹ್ರಸ್ವ 'ಒ' ನಮ್ಮಲ್ಲಿವೆ. 'ಕ ಖ ಗ ಘ' ಕಲಿಯುವಾಗ ಐದನೆಯದಾಗಿ ಬಾಯಿಪಾಠ ಮಾಡಿ, ಬಳಿಕ ಮರೆತೇಬಿಡುವ 'ಙ' ಅಕ್ಷರವೂ ಇದೆ.

ಹೆಸರು ತಪ್ಪಾಗಿ ಕೇಳಿಸಿದಾಗ ಆಗುವ ಇರಿಸುಮುರಿಸು ಕನ್ನಡಿಗರಿಗೆ ಹೊಸದೇನಲ್ಲ. ಬೆಂಗಳೂರು, ಮಂಗಳೂರು, ಬೆಳಗಾವಿ ಮೊದಲಾದ 12 ನಗರಗಳ ಹೆಸರುಗಳು ಇಂಗ್ಲಿಷಿನಲ್ಲಿಯೂ ಕನ್ನಡದ ರೂಪಕ್ಕೆ ಅಧಿಕೃತವಾಗಿ ಮರಳಿದ್ದು 2014ರ ನವೆಂಬರ್ 1ರಂದು. ಕೆನ್ಯಾವನ್ನೂ ವಸಾಹತು ಕಾಲದ ಬ್ರಿಟಿಷರು 'ಕೀನ್ಯಾ' ಎನ್ನುತ್ತಿದ್ದರು. 1963ರ ಸ್ವಾತಂತ್ರ್ಯದ ನಂತರ 'ಕೆನ್ಯಾ' ಎಂಬ ಉಚ್ಚಾರಣೆ ಪ್ರಚಲಿತವಾಯಿತು.

ಅಚ್ಚಿನಲ್ಲಿ ಬೇರೂರಿರುವ 'ಗೂಗಿ' ಒಂದೇ ದಿನದಲ್ಲಿ ಮಾಯವಾಗದು. ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವವರಿಗೆ ಆ ರೂಪವೇ ನೆರವಾಗುವುದರಿಂದ ಅದನ್ನು ದೋಷವೆಂದು ಹಳಿಯಬೇಕಾಗಿಯೂ ಇಲ್ಲ. ಆದರೆ ತರಗತಿಯಲ್ಲಿ ಅವರ ಬರಹವನ್ನು ಪಾಠ ಮಾಡುವ ಅಧ್ಯಾಪಕರು, ವೇದಿಕೆಯಲ್ಲಿ ಅವರನ್ನು ಉಲ್ಲೇಖಿಸುವ ಭಾಷಣಕಾರರು ಒಮ್ಮೆಯಾದರೂ ಹೆಸರನ್ನು ಅದರ ಭಾಷೆಯಲ್ಲಿರುವಂತೆ ಹೇಳಿ ಮುಂದುವರಿಯಬಹುದು. ತಾಯ್ನುಡಿ ಆಡಿದ್ದಕ್ಕೆ ಮಕ್ಕಳು ಏಟು ತಿನ್ನುತ್ತಿದ್ದ ಶಾಲೆಯಲ್ಲಿ ಓದಿ, ಆ ನುಡಿಯಲ್ಲೇ ಬರೆಯಲು ನಿಶ್ಚಯಿಸಿದ ಲೇಖಕರಿಗೆ ಸಲ್ಲಬೇಕಾದ ಕನಿಷ್ಠ ಗೌರವ ಇದಾಗಿದೆ.