ಅಫರ್ವಟ್ ಇಳಿಜಾರಿನಲ್ಲಿ ಗೆಳೆಯರು

ಕಾಶ್ಮೀರದವರು ‘ಚಿಲ್ಲೈ ಕಲಾನ್’ ಎಂದು ಕರೆಯುವ ನಲವತ್ತು ದಿನಗಳ ಕಡುಚಳಿ ಪ್ರತಿವರ್ಷ ಡಿಸೆಂಬರ್ 21ರಂದು ಆರಂಭವಾಗುತ್ತದೆ. ಮನೆಮಂದಿಯೆಲ್ಲ ಸಡಿಲವಾದ ಉಣ್ಣೆಯ ನಿಲುವಂಗಿಯೊಳಗೆ ಕೆಂಡದ ಕಾಂಗ್ಡಿಯನ್ನಿಟ್ಟುಕೊಂಡು ಬೆಚ್ಚಗೆ ಕುಳಿತಿರುವ ಕಾಲವದು. ಅದೇ ಕಾಲದಲ್ಲಿ ಗುಲ್ಮಾರ್ಗದ ಗೊಂಡೋಲಾ ನಿಲ್ದಾಣದ ಮುಂದೆ, ಜೋಡಿ ಸ್ಕೀ ಹಲಗೆಗಳನ್ನು ಹೆಗಲಿಗೇರಿಸಿಕೊಂಡ ತರುಣ ತರುಣಿಯರ ಸಾಲು ಬೆಳಗಿನಿಂದಲೇ ಬೆಳೆಯತೊಡಗುತ್ತದೆ. ರಾತ್ರಿಯೆಲ್ಲ ಹಿಮ ಸುರಿದಿದ್ದರಂತೂ ಅವರ ಮುಖದಲ್ಲಿ ಮದುವೆಮನೆಯ ಸಂಭ್ರಮ.

ಬೇಸಗೆಯಲ್ಲಿ ಹೂವಿನ ಹಾಸಿಗೆಯಾಗಿ ಪ್ರವಾಸಿಗರ ಕಣ್ಣು ತಣಿಸುವ ಗುಲ್ಮಾರ್ಗವು ಸಮುದ್ರಮಟ್ಟದಿಂದ ಸುಮಾರು 8,700 ಅಡಿ ಎತ್ತರದಲ್ಲಿದೆ. ಅದರ ನೆತ್ತಿಯ ಮೇಲೆ ನಿಂತಿರುವುದು ಅಫರ್ವಟ್ ಪರ್ವತ. 1998ರಲ್ಲಿ ಕೊಂಗ್ಡೋರಿಯವರೆಗೆ ಮಾತ್ರ ಸಾಗುತ್ತಿದ್ದ ಗೊಂಡೋಲಾ, 2005ರಿಂದ ಎರಡನೆಯ ಹಂತವನ್ನೇರಿ ಸುಮಾರು 13,000 ಅಡಿಗಳವರೆಗೆ ಜನರನ್ನು ಒಯ್ಯುತ್ತಿದೆ. ಮೇಲೇರಿದ ಜಾರಾಟಗಾರನ ಕಾಲಕೆಳಗೆ ನಾಲ್ಕು ಸಾವಿರ ಅಡಿಗೂ ಮಿಗಿಲಾದ ಇಳಿಜಾರು. ಪಶ್ಚಿಮದಿಂದ ಬೀಸಿಬರುವ ಚಳಿಗಾಲದ ಮಾರುತಗಳು ಸುರಿಸಿದ ಹಗುರವಾದ ಹುಡಿಹಿಮ ಅಲ್ಲಿ ಆಳವಾಗಿ ಬಿದ್ದಿರುತ್ತದೆ. ಅದರಾಚೆಗೆ, ಪೂರ್ವಕಾಲದಲ್ಲಿ ಗ್ರಂಥಗಳನ್ನು ಬರೆಯಲು ತೊಗಟೆಯನ್ನು ಒದಗಿಸುತ್ತಿದ್ದ ಭೂರ್ಜವೃಕ್ಷಗಳ ತೋಪುಗಳು. ಅವುಗಳ ಕೆಳಗೆ ದಟ್ಟವಾದ ಸೂಚಿಪರ್ಣದ ಕಾಡು.

ಮೆಟ್ಟಿಲಿಗಿಂತ ಕಡಿದು

ಕಡಿದಾದ ಇಳಿಜಾರು ಎಂದರೆ ಎಷ್ಟು ಕಡಿದು? ಮಹಡಿಮನೆಯ ಮೆಟ್ಟಿಲುಗಳ ಓಟ ಸಾಮಾನ್ಯವಾಗಿ ಮೂವತ್ತರಿಂದ ಮೂವತ್ತೈದು ಡಿಗ್ರಿಗಳಷ್ಟು ಓರೆಯಾಗಿರುತ್ತದೆ. ಪಳಗಿದ ಜಾರಾಟಗಾರರು ಬಯಸಿ ಹೋಗುವ ಇಳಿಜಾರುಗಳು ಅಷ್ಟೇ ಓರೆ, ಅಥವಾ ಅದಕ್ಕಿಂತ ಹೆಚ್ಚು. ಆದರೆ ಅಲ್ಲಿ ಕಾಲಿಡಲು ಮೆಟ್ಟಿಲಿಲ್ಲ, ಹಿಡಿಯಲು ಕೈಪಿಡಿಯಿಲ್ಲ.

ಇಂತಹ ಜಾಗದಲ್ಲಿ ಮನುಷ್ಯನ ಸಹಜಬುದ್ಧಿಯೇ ಅವನಿಗೆ ವೈರಿಯಾಗುತ್ತದೆ. ಭಯಪಟ್ಟ ಶರೀರವು ಬೆಟ್ಟದ ಕಡೆಗೆ ವಾಲಿ ಅದನ್ನು ತಬ್ಬಿಕೊಳ್ಳಲು ಹವಣಿಸುತ್ತದೆ. ಹಾಗೆ ವಾಲಿದೊಡನೆ ಹಲಗೆಯ ಉಕ್ಕಿನ ಅಂಚು ಹಿಮವನ್ನು ಕಚ್ಚುವುದನ್ನು ಬಿಡುತ್ತದೆ, ಕಾಲು ಜಾರುತ್ತದೆ. ಉಳಿಯಬೇಕಾದರೆ ಎದೆಯನ್ನು ಕಣಿವೆಯ ಕಡೆಗೆ ಒಡ್ಡಬೇಕು. ಶರೀರದ ಭಾರವನ್ನು ಕೆಳಗಿನ ಕಾಲಿನ ಮೇಲೆ ಹಾಕಬೇಕು. ಕೆಳಗಡೆ ಊರುಗೋಲನ್ನು ಊರಿ, ಹಗುರವಾಗಿ ನೆಗೆದು, ಎರಡು ಹಲಗೆಗಳನ್ನೂ ಒಟ್ಟಿಗೆ ತಿರುಗಿಸಬೇಕು. ಯಾವುದರ ಭಯವೋ ಅದಕ್ಕೇ ಎದೆಯೊಡ್ಡುವುದು ಈ ವಿದ್ಯೆಯ ಮೊದಲ ಪಾಠ.

ಬೆನ್ನಹಿಂದಿನ ಬಿಳಿಯ ಮೃತ್ಯು

ಆದರೆ ಬೀಳುವ ಭಯಕ್ಕಿಂತ ದೊಡ್ಡದೊಂದು ಭಯ ಅಲ್ಲಿದೆ. ಹಿಮವು ಒಂದೇ ರಾಶಿಯಾಗಿ ಕಂಡರೂ ಅದು ಚಾಪೆಯ ಮೇಲೆ ಚಾಪೆ ಹಾಸಿದಂತೆ ಪದರ ಪದರವಾಗಿ ಕೂತಿರುತ್ತದೆ. ಗಾಳಿ ಬಿಗಿಗೊಳಿಸಿದ ಮೇಲಿನ ಪದರ ಗಟ್ಟಿಯಾಗಿದ್ದು, ಅಡಿಯ ಪದರ ಸಕ್ಕರೆಯ ಹರಳಿನಂತೆ ಸಡಿಲವಾಗಿದ್ದರೆ, ಒಬ್ಬ ಮನುಷ್ಯನ ಭಾರವೂ ಸಾಕು. ಇಡೀ ಇಳಿಜಾರು ಹಲಗೆಯಂತೆ ಬಿರಿದು ಕುಸಿಯುತ್ತದೆ. ಇಂತಹ ಕುಸಿತಗಳು ಬಹುಪಾಲು ಆಗುವುದು ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರುಗಳಲ್ಲಿ. ಜಾರಾಟಕ್ಕೆ ರಮಣೀಯವಾದುದೂ ಅದೇ, ಮಾರಕವಾದುದೂ ಅದೇ. ಕುಸಿತಕ್ಕೆ ಸಿಕ್ಕಿದ ಜಾರಾಟಗಾರರಲ್ಲಿ ಹೆಚ್ಚಿನವರು ಅದನ್ನು ತಾವೇ ಅಥವಾ ತಮ್ಮ ಜೊತೆಗಾರರೇ ಎಬ್ಬಿಸಿದವರು.

ಅಫರ್ವಟ್ ಈ ಪಾಠವನ್ನು ಹಲವು ಬಾರಿ ಕಲಿಸಿದೆ. 2010ರ ಫೆಬ್ರವರಿಯಲ್ಲಿ ಖಿಲನ್‌ಮಾರ್ಗದ ಬಳಿ ತರಬೇತಿಯಲ್ಲಿದ್ದ ಸೈನಿಕರ ಮೇಲೆ ಹಿಮರಾಶಿ ಎರಗಿ ಹದಿನೈದಕ್ಕೂ ಹೆಚ್ಚು ಯೋಧರು ಪ್ರಾಣತೆತ್ತರು. 2023ರ ಫೆಬ್ರವರಿ 1ರಂದು ಪೋಲೆಂಡಿನ ಇಬ್ಬರು ಜಾರಾಟಗಾರರು ಇಲ್ಲಿಯೇ ಮಡಿದರು. ಮರುವರ್ಷ ಅದೇ ತಿಂಗಳಲ್ಲಿ ರಷ್ಯಾದವನೊಬ್ಬನು ಹಿಮಸಮಾಧಿಯಾದನು.

ಪಳಗಿದ ಜಾರಾಟಗಾರರು ತಪ್ಪದೆ ನಡೆಸುವ ವಿಧಿಗಳು ಹುಟ್ಟಿಕೊಂಡಿರುವುದು ಇಂತಹ ದುಃಖಗಳಿಂದಲೇ. ನಾಲ್ವರು ಗೆಳೆಯರು ಶಿಖರದ ಅಂಚಿನಲ್ಲಿ ನಿಂತಿದ್ದಾರೆಂದು ಭಾವಿಸೋಣ. ಅವರು ಒಟ್ಟಿಗೆ ಇಳಿಯುವುದಿಲ್ಲ. ಒಬ್ಬನು ಇಳಿಯುತ್ತಾನೆ, ಉಳಿದ ಮೂವರೂ ಕಣ್ಣು ಕೀಳದೆ ಅವನನ್ನೇ ನೋಡುತ್ತಿರುತ್ತಾರೆ. ಅವನು ಬಂಡೆಯ ಮರೆಯನ್ನೋ, ಕುಸಿತದ ದಾರಿಗೆ ಸಿಗದ ಏಣನ್ನೋ ಸೇರಿ ಕೋಲನ್ನೆತ್ತಿ ಸನ್ನೆ ಮಾಡಿದ ಮೇಲೆಯೇ ಎರಡನೆಯವಳ ಸರದಿ. ಹೀಗೆ ಒಬ್ಬರು ಹಿಮಕ್ಕೆ ಸಿಕ್ಕಿದರೂ ಹುಡುಕಲು ಮೂವರು ಉಳಿದಿರುತ್ತಾರೆ.

ಪ್ರತಿಯೊಬ್ಬರ ಎದೆಯ ಮೇಲೂ ಸದಾ ಸದ್ದಿಲ್ಲದ ಸಂಕೇತವನ್ನು ಹೊರಡಿಸುವ ಒಂದು ಪುಟ್ಟ ರೇಡಿಯೋ ಯಂತ್ರ ಬಿಗಿದಿರುತ್ತದೆ. ಬೆನ್ನಚೀಲದಲ್ಲಿ ಹಿಮವನ್ನು ಚುಚ್ಚಿ ನೋಡುವ ಉದ್ದನೆಯ ಮಡಿಸುಕೋಲು ಮತ್ತು ಒಂದು ಸಲಿಕೆ ಇರುತ್ತವೆ. ಕುಸಿದ ಹಿಮ ನಿಂತೊಡನೆ ಗಾರೆಯಂತೆ ಬಿಗಿದುಕೊಳ್ಳುವುದರಿಂದ ಹೂತವನು ಬೆರಳನ್ನೂ ಅಲುಗಿಸಲಾರ. ಹತ್ತು ಹದಿನೈದು ನಿಮಿಷಗಳೊಳಗೆ ತೋಡಿ ತೆಗೆದರೆ ಬಹುಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆಯಿತೆಂದರೆ ಉಳಿಯುವವರಿಗಿಂತ ಅಳಿಯುವವರೇ ಹೆಚ್ಚು. ಊರಿನಿಂದ ರಕ್ಷಣಾಪಡೆ ಬರುವವರೆಗೆ ಆ ಸಮಯ ಕಾಯುವುದಿಲ್ಲ. ಆದುದರಿಂದ ಅಲ್ಲಿ ವೈದ್ಯನೂ ಗೆಳೆಯನೇ, ರಕ್ಷಕನೂ ಗೆಳೆಯನೇ.

ಗೆಳೆತನದ ಅಪಾಯ

ವಿಚಿತ್ರವೆಂದರೆ, ಹೀಗೆ ಕಾಯುವ ಗೆಳೆತನವೇ ಕೆಲವೊಮ್ಮೆ ಅಪಾಯಕ್ಕೂ ಒಯ್ಯುತ್ತದೆ. ಒಂಟಿಯಾಗಿದ್ದರೆ ಹಿಂಜರಿಯುವವನು ನಾಲ್ವರ ನಡುವೆ ಧೈರ್ಯಶಾಲಿಯಾಗುತ್ತಾನೆ. ‘ನಾನೊಬ್ಬನೇ ಅಂಜುಬುರುಕನಾಗಿ ಕಾಣುವುದೇ?’ ಎಂಬ ನಾಚಿಕೆ ಒಬ್ಬನಿಗೆ. ‘ಇವರೆಲ್ಲ ಹೊರಟಿರುವಾಗ ಅಪಾಯವಿರಲಾರದು’ ಎಂಬ ನಂಬಿಕೆ ಇನ್ನೊಬ್ಬಳಿಗೆ. ಒಬ್ಬರ ಮೌನವನ್ನು ಮತ್ತೊಬ್ಬರು ಸಮ್ಮತಿಯೆಂದು ತಿಳಿಯುತ್ತಾರೆ. ನಾಲ್ವರಿಗೂ ಒಳಗೊಳಗೆ ಬೇಡವಾಗಿದ್ದ ಇಳಿಜಾರಿಗೆ ನಾಲ್ವರೂ ಇಳಿದುಬಿಡುತ್ತಾರೆ!

ಇದಕ್ಕೆ ಅನುಭವಿಗಳು ಕಂಡುಕೊಂಡಿರುವ ಮದ್ದು ಸರಳವಾದುದು: ತಂಡದಲ್ಲಿ ಯಾರೇ ಒಬ್ಬರು ‘ಬೇಡ’ ಎಂದರೂ ಎಲ್ಲರೂ ಹಿಂದಿರುಗಬೇಕು. ಕಾರಣ ಕೇಳಿ ಹಂಗಿಸುವಂತಿಲ್ಲ, ಬಹುಮತದ ಲೆಕ್ಕವಿಲ್ಲ. ಕಾಲಡಿಯಲ್ಲಿ ಹಿಮ ‘ಧುಂ’ ಎಂದು ಮಂದವಾಗಿ ಸದ್ದು ಮಾಡಿ ಕುಸಿದರೆ, ಹಲಗೆಯ ತುದಿಯಿಂದ ಬಿರುಕೊಂದು ಹಾವಿನಂತೆ ಓಡಿದರೆ, ರಾತ್ರಿ ಭಾರಿ ಹಿಮದೊಡನೆ ಬಿರುಗಾಳಿ ಬೀಸಿದ್ದರೆ, ಆ ‘ಬೇಡ’ವನ್ನು ಹೇಳುವವರೇ ತಂಡದ ನಿಜವಾದ ಧೀರರು.

ಇಂತಹ ಶಿಸ್ತು ಗುಲ್ಮಾರ್ಗಕ್ಕೆ ಹೊಸದಲ್ಲ; ಕನ್ನಡನಾಡಿನವರು ಹೆಮ್ಮೆಪಡಬಹುದಾದ ಸಂಬಂಧವೂ ಅದಕ್ಕುಂಟು. ಕಾಶ್ಮೀರದ ಯುದ್ಧದಲ್ಲಿ ಸೈನ್ಯವನ್ನು ನಡೆಸಿ ಜೋಜಿಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನೇರಿಸಿದ ಕೊಡಗಿನ ವೀರ ಕೋದಂಡೇರ ಸುಬ್ಬಯ್ಯ ತಿಮ್ಮಯ್ಯನವರು, 1948ರ ಡಿಸೆಂಬರಿನಲ್ಲಿ ಯೋಧರಿಗಾಗಿ ಇಲ್ಲಿ ಸ್ಕೀ ಶಾಲೆಯೊಂದನ್ನು ತೆರೆದರು. ಕಾಫಿತೋಟಗಳ ಮಳೆನಾಡಿನಲ್ಲಿ ಹುಟ್ಟಿದ ಸೇನಾನಿಯು ಹಿಮದ ನಾಡಿನಲ್ಲಿ ನೆಟ್ಟ ಆ ಸಸಿ, ಇಂದು ಭಾರತೀಯ ಸೇನೆಯ ಉನ್ನತ ಪರ್ವತ ಯುದ್ಧ ಶಾಲೆಯಾಗಿ ಬೆಳೆದುನಿಂತಿದೆ.

ಸಂಜೆಯ ಹೊತ್ತಿಗೆ ಜಾರಾಟಗಾರರು ಬಯಲಿಗೆ ಮರಳುತ್ತಾರೆ. ಗುಲಾಬಿಬಣ್ಣದ ಉಪ್ಪುಚಹಾದ ಬಟ್ಟಲುಗಳು ಕೈಯಿಂದ ಕೈಗೆ ಸಾಗುತ್ತವೆ. ಒಂದು ಮೇಜಿನ ಸುತ್ತ ಅಂದಿನ ಇಳಿತದ ಬಣ್ಣನೆ. ಇನ್ನೊಂದು ಮೇಜಿನ ಸುತ್ತ ಅರ್ಧದಾರಿಯಲ್ಲೇ ಹಿಂದಿರುಗಿದವರ ಮೌನ. ಅವರಿಗೆ ತುಸು ನಿರಾಶೆ ಇರಬಹುದು. ತಾವು ಬಿಟ್ಟುಬಂದ ಇಳಿಜಾರು ಕುಸಿಯುತ್ತಿತ್ತೋ ಇಲ್ಲವೋ ಅವರೆಂದೂ ಅರಿಯಲಾರರು. ಆದರೆ ಮೇಜಿನ ಸುತ್ತ ಬೆಳಿಗ್ಗೆ ಎಷ್ಟು ಮಂದಿಯೋ ಸಂಜೆಗೂ ಅಷ್ಟೇ ಮಂದಿ ಇದ್ದಾರೆ. ಅಫರ್ವಟ್ ನಾಳೆಯೂ ಅಲ್ಲಿಯೇ ಇರುತ್ತದೆ.